ಕಡಲಿನ ದೀಪಗಳನ್ನು ದಕ್ಕೆಯಲ್ಲೇ ಆರಿಸಿ: ಮೀನುಗಾರಿಕೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ,

ನಮಸ್ಕಾರ ಸರ್.

ನಾನು ಕುಂದಾಪುರ ದಾಟಿ ಉತ್ತರಕ್ಕೆ ಬಂದರೆ ಸಿಗುವ ಮರವಂತೆ ಕಡೆಯವಳು. ನಮ್ಮಪ್ಪ ನಲವತ್ತು ವರ್ಷ ನಾಡದೋಣಿಯಲ್ಲಿ ದುಡಿದವರು. ಈಗ ಅಣ್ಣ ಹೋಗುತ್ತಾನೆ. ಅಮ್ಮ ಮೊನ್ನೆ ಮೊನ್ನೆಯವರೆಗೂ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದರು. ನಾನು ಮೀನುಗಾರರ ಒಂದು ಸಣ್ಣ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ದೋಣಿಯವರ ಅರ್ಜಿ, ಲೈಸೆನ್ಸ್ ನವೀಕರಣ, ಸೀಮೆಎಣ್ಣೆ ಪರ್ಮಿಟ್ಟು ಎಲ್ಲಾ ನನ್ನ ಟೇಬಲ್ ದಾಟಿಯೇ ಹೋಗಬೇಕು. ಹಾಗಾಗಿ ಕಡಲನ್ನೂ ನೋಡಿದ್ದೇನೆ, ಕಾಗದವನ್ನೂ ನೋಡಿದ್ದೇನೆ. ರಾತ್ರಿ ದೀಪ ಹಾಕಿ ಮೀನು ಹಿಡಿಯುವ ವಿಷಯದಲ್ಲಿ ಕಾಗದದಲ್ಲಿ ಇರುವುದು ಕಡಲಿನಲ್ಲಿ ಇಲ್ಲ. ಅದನ್ನು ನಿಮಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮೂರಿನ ಹೆದ್ದಾರಿ ನಿಮಗೆ ಗೊತ್ತೇ ಇದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಹಗಲಲ್ಲಿ ಎಲ್ಲರೂ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ನೀವು ಒಂದು ಸಲ ರಾತ್ರಿ ಬನ್ನಿ ಸರ್. ಅಮಾವಾಸ್ಯೆಯ ಆಸುಪಾಸಿನಲ್ಲಿ ಬನ್ನಿ. ಕಲ್ಲಿನ ತಡೆಗೋಡೆ ಹತ್ತಿರ ನಿಂತು ಪಶ್ಚಿಮಕ್ಕೆ ನೋಡಿ. ನೀರು ಮುಗಿದು ಆಕಾಶ ಶುರುವಾಗುವ ಕಡೆ ಬೆಳ್ಳಗೆ ಬೆಳಕು ಕಾಣುತ್ತದೆ. ಮೊದಲೆಲ್ಲ ರಾತ್ರಿ ದೋಣಿಯವರು ಇಟ್ಟುಕೊಳ್ಳುತ್ತಿದ್ದ ದೀಪ ಮಿಣುಕು ಹುಳದಷ್ಟು ಇರುತ್ತಿತ್ತು. ಇದು ಹಾಗಲ್ಲ. ಇದು ಬೀದಿದೀಪ ಹಾಕಿದ ಪೇಟೆ ಹಾಗೆ ಕಾಣುತ್ತದೆ. ಬೆಂಗಳೂರಿನಿಂದ ಬಂದಿದ್ದ ಒಂದು ಮಗು ಒಮ್ಮೆ ನನ್ನ ಹತ್ತಿರ ಕೇಳಿತು, "ಆಂಟಿ, ಅದು ಯಾವ ಊರು?" ಅಂತ. ಆ ಕಡೆ ಊರಿಲ್ಲ ಮಗು, ಬರೀ ನೀರು ಅಂದೆ. ಹಾಗಾದರೆ ಲೈಟು ಯಾರದ್ದು ಅಂತ ಅದು ಮತ್ತೆ ಕೇಳಿತು.

ಅದೇ ಪ್ರಶ್ನೆಯನ್ನು ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಲೈಟು ಯಾರದ್ದು? ಅವರಿಗೆ ಲೈಸೆನ್ಸ್ ಕೊಟ್ಟವರು ಯಾರು? ಆ ಲೈಸೆನ್ಸ್ ಇನ್ನೂ ಯಾಕೆ ಅವರ ಕೈಯಲ್ಲಿದೆ?

ಕರಾವಳಿಯ ಹೊರಗಿನವರೂ ಈ ಪತ್ರ ಓದಬಹುದು, ಅದಕ್ಕೆ ಲೈಟ್ ಫಿಶಿಂಗ್ ಅಂದರೇನು ಅಂತ ಹೇಳಿಬಿಡುತ್ತೇನೆ. ಬೋಟಿನ ಮೇಲೆ ಜನರೇಟರ್ ಇಡುತ್ತಾರೆ. ಅದರಿಂದ ದೊಡ್ಡ ದೊಡ್ಡ ಎಲ್‌ಇಡಿ ದೀಪ ಉರಿಸುತ್ತಾರೆ. ಕೆಲವರು ನೀರಿನ ಒಳಗೂ ಇಳಿಬಿಡುತ್ತಾರೆ. ಬೆಳಕಿಗೆ ಮೊದಲು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬರುತ್ತವೆ. ಅದನ್ನು ತಿನ್ನಲು ಮರಿಮೀನು ಬರುತ್ತದೆ. ಮರಿಯ ಹಿಂದೆ ದೊಡ್ಡದು, ಬೊಂಡಾಸ (ಸ್ಕ್ವಿಡ್) ಎಲ್ಲಾ ಬರುತ್ತದೆ. ಸುತ್ತಲಿನ ಮೀನೆಲ್ಲ ಒಂದೇ ಕಡೆ ಗುಂಪು ಕಟ್ಟಿದ ಮೇಲೆ ಪರ್ಸೀನ್ ಬಲೆ ಸುತ್ತು ಹಾಕಿ ಕೆಳಗಿನಿಂದ ಚೀಲದ ಬಾಯಿ ಎಳೆದ ಹಾಗೆ ಎಳೆದುಬಿಡುತ್ತಾರೆ. ಮರಿ ಯಾವುದು, ತಾಯಿ ಯಾವುದು ಅಂತ ಆ ಬಲೆಗೆ ಇಲ್ಲ. ಬೆಳದಿಂಗಳಿದ್ದರೆ ದೀಪಕ್ಕೆ ಅಷ್ಟು ಬಲ ಇರುವುದಿಲ್ಲ. ಅದಕ್ಕೇ ಅಮಾವಾಸ್ಯೆಗೆ ಬನ್ನಿ ಅಂದಿದ್ದು.

ಬುಲ್‌ಟ್ರಾಲ್ ಇನ್ನೊಂದು ಬಗೆ. ಎರಡು ಬೋಟುಗಳು ಒಂದೇ ಬಲೆಯನ್ನು ನಡುವೆ ಹಿಡಿದುಕೊಂಡು ಜೊತೆಜೊತೆಗೆ ಓಡುತ್ತವೆ. ಒಂದೇ ಬೋಟಿಗೆ ಎಳೆಯಲಾಗದಷ್ಟು ದೊಡ್ಡ ಬಾಯಿಯ ಬಲೆ ಅದು. ಹೋದ ದಾರಿಯೆಲ್ಲ ಗುಡಿಸಿದ ಹಾಗೆ.

ಇವೆರಡೂ ನಿಷೇಧ ಆಗಿವೆ. 2017ರ ನವೆಂಬರ್‌ನಲ್ಲೇ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ನಮ್ಮ ರಾಜ್ಯದಲ್ಲೂ ನಿಷೇಧ ಇದೆ. 2025ರ ನವೆಂಬರ್‌ನಲ್ಲಿ ಕೇಂದ್ರ ತಂದ ಹೊಸ ಇಇಝಡ್ (ದೇಶದ ವಿಶೇಷ ಆರ್ಥಿಕ ವಲಯದ ಸಮುದ್ರ) ನಿಯಮಗಳಲ್ಲೂ ಎಲ್‌ಇಡಿ ಬೆಳಕು, ಜೋಡಿ ಟ್ರಾಲ್, ಬುಲ್‌ಟ್ರಾಲ್ ಕೂಡದು ಅಂತಲೇ ಬರೆದಿದೆ. ಅಂದರೆ ಕಾನೂನು ಬೇಕು ಅಂತ ನಾವು ಕೇಳುತ್ತಿಲ್ಲ. ಕಾನೂನು ಬೇಕಾದಷ್ಟಿದೆ. ನಮ್ಮ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯನ್ನೇ ತೆಗೆದು ನೋಡಿ. ನಾಡದೋಣಿಯಂಥ ಸಾಂಪ್ರದಾಯಿಕ ದೋಣಿಗಳ ಹಿತ ಕಾಯಬೇಕು, ಮೀನಿನ ಸಂತತಿ ಉಳಿಸಬೇಕು, ಸಮುದ್ರದಲ್ಲಿ ಜಗಳ ಆಗದ ಹಾಗೆ ನೋಡಿಕೊಳ್ಳಬೇಕು ಅಂತ ಆ ಕಾಯ್ದೆಯೇ ಹೇಳುತ್ತದೆ. ದಡದಿಂದ 6 ಕಿಲೋಮೀಟರ್ ಒಳಗಿನ ನೀರು ನಾಡದೋಣಿಗೆ ಮೀಸಲು. ಅದರಾಚೆ ಸಣ್ಣ ಯಾಂತ್ರೀಕೃತ ಬೋಟು. 20 ಕಿಲೋಮೀಟರ್ ಆಚೆ ದೊಡ್ಡ ಬೋಟು. ಎಷ್ಟು ಚಂದ ಹಂಚಿದ್ದಾರೆ ನೋಡಿ. ಮನೆಯ ಹಿರಿಯರು ಮಕ್ಕಳಿಗೆ ಗದ್ದೆ ಪಾಲು ಮಾಡಿಕೊಟ್ಟ ಹಾಗೆ.

ಆದರೆ ಗದ್ದೆಗೆ ಬದು ಇರುತ್ತದೆ. ಕಡಲಿಗೆ ಬದು ಇಲ್ಲ. ಇಲ್ಲಿ ಬದು ಅಂದರೆ ಲೈಸೆನ್ಸ್ ಒಂದೇ. ಅದು ಕೊಡುವ ಕೈಯೂ ನಿಮ್ಮ ಇಲಾಖೆಯದ್ದು, ಕಿತ್ತುಕೊಳ್ಳುವ ಕೈಯೂ ನಿಮ್ಮ ಇಲಾಖೆಯದ್ದು.

ನನ್ನ ಅಜ್ಜನ ಕಾಲದ ಒಂದು ಮಾತು ಹೇಳುತ್ತೇನೆ. ಅಜ್ಜ ರಂಪಣಿಯವರು. ರಂಪಣಿ ಬಲೆ ನಿಮಗೆ ಗೊತ್ತು, ಒಂದು ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಡುತ್ತಾ ಬರುತ್ತದೆ, ಎರಡೂ ತುದಿಯನ್ನು ದಡದಲ್ಲಿ ನಿಂತ ಜನ ಎಳೆಯುತ್ತಾರೆ. ಒಂದು ಬಲೆಗೆ ಇಡೀ ಕೇರಿಯೇ ಬೇಕು. ಬಂಗುಡೆ ಹೊಳೆಯುತ್ತಾ ದಡಕ್ಕೆ ಬಂದಾಗ ಪಾಲು ಮರಳಿನ ಮೇಲೆಯೇ ಆಗುತ್ತಿತ್ತು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಹಗ್ಗ ಮುಟ್ಟಿದ ಪ್ರತಿಯೊಬ್ಬನಿಗೂ ಇಷ್ಟು. ಗಂಡ ತೀರಿಕೊಂಡ ಮನೆಯ ಹೆಂಗಸು ಬಂದು ಹಗ್ಗದ ತುದಿ ಹಿಡಿದರೂ ಅವಳ ಬುಟ್ಟಿ ಖಾಲಿ ಹೋಗುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. 1975ರ ಸುಮಾರಿಗೆ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿ (ಸಾರ್ಡೀನ್) ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಚೆಯೇ ಸುತ್ತಿ ಹಿಡಿಯತೊಡಗಿದರು. ಕೆಲವೇ ವರ್ಷಗಳಲ್ಲಿ ರಂಪಣಿ ಮುಗಿಯಿತು. ಕೆಲವು ರಂಪಣಿ ತಂಡಗಳು ತಾವೇ ಸೇರಿ ಪರ್ಸೀನ್ ಬೋಟು ಮಾಡಿಕೊಂಡವು. ಸಾಲ ತೆಗೆಯುವ ತಾಕತ್ತು ಇದ್ದವರು ದಾಟಿದರು, ಇಲ್ಲದವರು ದಡದಲ್ಲೇ ಉಳಿದರು. ಅಜ್ಜ ಉಳಿದವರಲ್ಲಿ ಒಬ್ಬರು.

ಹಳೇದನ್ನು ನೆನೆದು ಅಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಹೊಸ ಬೋಟು, ಹೊಸ ಬಲೆ ಬರಲಿ. ನನ್ನ ಅಣ್ಣನ ದೋಣಿಯೂ ಫೈಬರ್‌ನದ್ದೇ, ಅದಕ್ಕೂ ಔಟ್‌ಬೋರ್ಡ್ ಇಂಜಿನ್ ಇದೆ. ಆದರೆ ಹೊಸದು ಬಂದಾಗಲೆಲ್ಲ ಯಾರಿಗೆ ಎಷ್ಟು ಪಾಲು ಅಂತ ತೀರ್ಮಾನ ಮಾಡುವುದು ಸರ್ಕಾರದ ಕೆಲಸ ಅಲ್ವಾ? ಆಗ ಅದು ಸರಿಯಾಗಿ ಆಗಲಿಲ್ಲ. ಈಗ ಎರಡನೇ ಸಲ ಅದೇ ಆಗುತ್ತಿದೆ.

ಅಣ್ಣನ ದೋಣಿಯ ಕಥೆ ಕೇಳಿ. ಅಪ್ಪನ ದೋಣಿ ಹಳೇದಾಗಿ, ತಳ ಒಡೆದು, ರಿಪೇರಿಗೂ ಬಾರದ ಹಾಗೆ ಆಯಿತು. ಹೊಸದು ಮಾಡಿಸಲು ಸಾಧ್ಯತಾ ಪತ್ರ, ಅಂದರೆ ಇಲಾಖೆಯ ಒಪ್ಪಿಗೆ ಪತ್ರ ಬೇಕು. ಅರ್ಜಿ ನಾನೇ ಬರೆದೆ. ಹಳೇ ದೋಣಿಯ ಪುಸ್ತಕ, ಇಂಜಿನ್ ಬಿಲ್ಲು, ಸಂಘದ ಪತ್ರ, ಆಧಾರ್, ರೇಷನ್ ಕಾರ್ಡ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟೆ. ಆ ಕವರ್ ಹಿಡಿದುಕೊಂಡು ಅಣ್ಣ ಒಂದು ಕಚೇರಿಗೆ ಏಳು ಸಲ ಹೋದ. ಒಮ್ಮೆ ಸಾಹೇಬರು ಇರಲಿಲ್ಲ. ಒಮ್ಮೆ ಹಳೇ ದೋಣಿಯ ಫೋಟೊ ಬೇಕು ಅಂದರು. ಫೋಟೊ ಕೊಟ್ಟ ಮೇಲೆ ಪಕ್ಕದಿಂದ ತೆಗೆದದ್ದು ಆಗುವುದಿಲ್ಲ, ನಂಬರ್ ಕಾಣಬೇಕು ಅಂದರು. ದೋಣಿ ಅಷ್ಟು ಹೊತ್ತಿಗೆ ಮಳೆಯಲ್ಲಿ ಕೊಳೆತು, ನಂಬರಿನ ಬಣ್ಣ ಎದ್ದುಹೋಗಿತ್ತು. ಕೊನೆಗೆ, ದೋಣಿಗಳ ಸಂಖ್ಯೆ ಈಗಾಗಲೇ ಜಾಸ್ತಿ ಆಗಿದೆ, ಸ್ವಲ್ಪ ಕಾಯಿರಿ ಅಂದರು. ಒಂದೂವರೆ ವರ್ಷ ಅವನು ಬೇರೆಯವರ ದೋಣಿಯಲ್ಲಿ ಪಾಲಿಗೆ ಹೋದ. ಆಮೇಲೆ ಪತ್ರ ಸಿಕ್ಕಿತು. ಸಿಗಲೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ.

ಸಂಖ್ಯೆ ಜಾಸ್ತಿ ಆಗಿದೆ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ ಸರ್. ನಿಜವಾಗಿ ಜಾಸ್ತಿ ಆಗಿದೆ. ಮೀನು ಅಷ್ಟೇ ಇದೆ, ಬಲೆ ಹೆಚ್ಚಿದೆ. ಮಿತಿ ಹಾಕಲೇಬೇಕು. ಆದರೆ ಮಿತಿ ಅನ್ನುವುದು ಅಣ್ಣನ ಫೈಬರ್ ದೋಣಿಯ ಬಾಗಿಲಲ್ಲಿ ಮಾತ್ರ ನಿಂತರೆ ಹೇಗೆ? ಅದೇ ಒಂದೂವರೆ ವರ್ಷದಲ್ಲಿ ಹಳೇ ಬೋಟಿನ ಲೈಸೆನ್ಸ್ ಮೇಲೆ ಅದಕ್ಕಿಂತ ಉದ್ದದ, ಅದಕ್ಕಿಂತ ಜಾಸ್ತಿ ಅಶ್ವಶಕ್ತಿಯ ಬೋಟು ನೀರಿಗೆ ಇಳಿದದ್ದನ್ನು ನಾವೇ ಕಣ್ಣಾರೆ ನೋಡಿದ್ದೇವೆ. ಲೆಕ್ಕದಲ್ಲಿ ಬೋಟು ಒಂದು ಹೋಗಿ ಒಂದು ಬಂತು. ಕಡಲಿನಲ್ಲಿ ಒಂದು ಹೋಗಿ ನಾಲ್ಕರಷ್ಟು ಬಂತು. ಬೋಟುಗಳನ್ನು ಎಣಿಸಿದರೆ ಸಾಲದು. ಅದರ ಉದ್ದ, ಇಂಜಿನ್, ಜನರೇಟರ್ ಇವೆಲ್ಲವನ್ನೂ ಸೇರಿಸಿ ಅಳೆಯಬೇಕು.

ಇನ್ನು ನಿಯಮ ಮುರಿದವರ ವಿಷಯ. ಲೈಟ್ ಫಿಶಿಂಗ್ ಮಾಡಿ ಸಿಕ್ಕಿಬಿದ್ದ ಬೋಟಿಗೆ ದಂಡ ಹಾಕುತ್ತಾರೆ. ಆ ದಂಡವನ್ನು ಖರ್ಚಿನಲ್ಲಿ ಬರೆದುಕೊಳ್ಳುತ್ತಾರೆ. ಐಸಿಗೆ ಇಷ್ಟು, ಡೀಸೆಲ್‌ಗೆ ಇಷ್ಟು, ದಂಡಕ್ಕೆ ಇಷ್ಟು. ಒಂದು ರಾತ್ರಿ ಒಳ್ಳೆಯ ಸುತ್ತು ಬಿದ್ದರೆ ಎಲ್ಲಾ ಸರಿಹೋಗುತ್ತದೆ. ಮರುದಿನ ಅದೇ ಬೋಟು, ಅದೇ ತೆರಿಗೆ ರಿಯಾಯಿತಿಯ ಡೀಸೆಲ್ ತುಂಬಿಸಿಕೊಂಡು, ಅದೇ ದೀಪ ಕಟ್ಟಿಕೊಂಡು ಹೊರಡುತ್ತದೆ. ಆ ರಿಯಾಯಿತಿ ಜನರ ದುಡ್ಡು. ನಮ್ಮ ಅಮ್ಮ ಅಂಗಡಿಯಲ್ಲಿ ಸೋಪು ತೆಗೆದುಕೊಂಡಾಗ ಕಟ್ಟುವ ತೆರಿಗೆಯೂ ಎಲ್ಲೋ ಒಂದು ಕಡೆ ಅದರಲ್ಲಿ ಸೇರಿದೆ. ನಿಷೇಧ ಮಾಡಿದ ಕೆಲಸಕ್ಕೆ ಸರ್ಕಾರವೇ ಎಣ್ಣೆ ಹೊಯ್ಯುವುದು ನನಗೆ ಎಷ್ಟು ಯೋಚಿಸಿದರೂ ಅರ್ಥ ಆಗುವುದಿಲ್ಲ.

ಲೈಸೆನ್ಸ್ ಅಮಾನತು ಮಾಡಲು, ರದ್ದು ಮಾಡಲು ಕಾಯ್ದೆಯಲ್ಲಿ ಅಧಿಕಾರ ಇದೆ. ಅದನ್ನು ಬಳಸಿ ಅಂತಲೇ ನಾನು ಕೇಳುತ್ತಿರುವುದು.

ಹೋದ ವರ್ಷ ಒಂದು ಬೆಳಗ್ಗೆ ನಾನು ದಕ್ಕೆಯಲ್ಲಿದ್ದೆ. ಏಲಂ ನಡೆಯುತ್ತಿತ್ತು. ಒಂದು ಬದಿಯಲ್ಲಿ ಬೂತಾಯಿ ರಾಶಿ ಸುರಿದಿದ್ದರು. ನಮ್ಮ ಕಡೆ ಬೈಗೆ ಅನ್ನುತ್ತೇವೆ. ಅದರಿಂದ ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟೆ. ನನ್ನ ಅಂಗೈ ದೊಡ್ಡದೇನಲ್ಲ. ತಲೆಯಿಂದ ಬಾಲದ ತನಕ ನಡುಬೆರಳಿನ ಉದ್ದವೂ ಇರಲಿಲ್ಲ. ಹೊಟ್ಟೆ ಒತ್ತಿದೆ. ಮೊಟ್ಟೆ ಇಲ್ಲ, ಕೊಬ್ಬೂ ಇಲ್ಲ, ಬೆಳ್ಳಗೆ ನೀರು ಬಂತು. ಇನ್ನೂ ಒಂದು ಸಲವೂ ಮೊಟ್ಟೆ ಇಡದ ಮೀನು. ಬೂತಾಯಿ ಬೇಗ ಬೆಳೆಯುವ ಮೀನು. ಒಂದು ವರ್ಷ ಬಿಟ್ಟರೆ ಅದು ಮೊಟ್ಟೆ ಇಡುವಷ್ಟು ಆಗುತ್ತಿತ್ತು. ತೂಕ ಎಷ್ಟೋ ಪಾಲು ಹೆಚ್ಚುತ್ತಿತ್ತು. ಪಕ್ಕದ ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಸಣ್ಣ ಬೂತಾಯಿ, 14 ಸೆಂಟಿಮೀಟರ್‌ಗಿಂತ ಸಣ್ಣ ಬಂಗುಡೆ ಹಿಡಿಯುವ ಹಾಗಿಲ್ಲ. 2015ರಲ್ಲಿ ಶುರು ಮಾಡಿ ಅವರು 58 ಜಾತಿಯ ಮೀನಿಗೆ ಹೀಗೆ ಅಳತೆ ಕಟ್ಟಿದ್ದಾರೆ. ನನ್ನ ಕೈಯಲ್ಲಿದ್ದ ಮೀನು ಆ ಅಳತೆಗೆ ಬರುತ್ತಿರಲಿಲ್ಲ.

ಆ ರಾಶಿಗೆ ನಮ್ಮ ಹೆಂಗಸರು ಯಾರೂ ಕೂಗಲಿಲ್ಲ. ತಿನ್ನುವವರಿಗೆ ಅದು ಬೇಡ. ಮುಳ್ಳೇ ಜಾಸ್ತಿ. ಅದು ಲಾರಿಗೆ ಹೋಯಿತು. ಅಲ್ಲಿಂದ ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಒಣಗಿಸಿ ಪುಡಿ ಮಾಡಿ, ಎಣ್ಣೆ ತೆಗೆದು, ಸಿಗಡಿ ಸಾಕುವವರಿಗೆ, ಕೋಳಿ ಸಾಕುವವರಿಗೆ ಮಾರುತ್ತಾರೆ. ನಾಳೆ ನಮ್ಮ ಬಲೆಗೆ ಬೀಳಬೇಕಿದ್ದ ಮೀನು ಇವತ್ತು ಕೋಳಿಯ ಹೊಟ್ಟೆಗೆ ಹೋಯಿತು. ಈ ಲಾರಿ ನಿಲ್ಲುವ ತನಕ ದೀಪವೂ ಆರುವುದಿಲ್ಲ ಸರ್. ಕೊಳ್ಳುವವರು ಇರುವುದರಿಂದಲೇ ಹಿಡಿಯುತ್ತಾರೆ.

ಬೂತಾಯಿ ಕಡಿಮೆ ಆಗಲು ದೀಪ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕೊಚ್ಚಿಯ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಕೊಟ್ಟ ಲೆಕ್ಕ ಇದು. ಸಮುದ್ರ ಬಿಸಿಯಾಗಿದ್ದು, ಪೆಸಿಫಿಕ್ ಸಾಗರ ಬಿಸಿಯಾಗಿ ಹವೆ ಏರುಪೇರಾಗುವ ಎಲ್ ನಿನೊ, ಆಹಾರ ಕಡಿಮೆ ಆದದ್ದು ಇವೂ ಕಾರಣ ಅಂತ ಅವರೇ ಹೇಳುತ್ತಾರೆ. ಮಳೆ, ಗಾಳಿ, ಬಿಸಿಲು ನಿಮ್ಮ ಕೈಯಲ್ಲೂ ಇಲ್ಲ, ನಮ್ಮ ಕೈಯಲ್ಲೂ ಇಲ್ಲ. ಆದರೆ ಹವೆಯಿಂದಲೇ ಮೀನು ಸೊರಗಿದ ವರ್ಷ ಉಳಿದ ಮರಿಗಳನ್ನೂ ದೀಪ ಹಾಕಿ ಕರೆದು ಹಿಡಿದರೆ, ಮುಂದಿನ ವರ್ಷಕ್ಕೆ ಬೀಜಕ್ಕೂ ಉಳಿಯುವುದಿಲ್ಲ. ಬೇಸಾಯ ಮಾಡುವ ಯಾರನ್ನು ಕೇಳಿದರೂ ಬಿತ್ತನೆ ಭತ್ತ ಬೇಯಿಸಿ ಉಣ್ಣಬಾರದು ಅನ್ನುತ್ತಾರೆ.

ದೊಡ್ಡ ಬೋಟಿನವರನ್ನು ಬೈಯುವುದಕ್ಕೆ ನಾನು ಕೂತಿಲ್ಲ. ಅವರೂ ನಮ್ಮವರೇ. ನಮ್ಮ ಕೇರಿಯ ಎಷ್ಟೋ ಹುಡುಗರು ಮಲ್ಪೆಯಲ್ಲಿ, ಮಂಗಳೂರಿನಲ್ಲಿ, ಗಂಗೊಳ್ಳಿಯಲ್ಲಿ ಅವರ ಬೋಟಿನಲ್ಲೇ ಕಲಾಸಿಗಳು, ಅಂದರೆ ಕೆಲಸದಾಳುಗಳು. ಬೋಟು ನಡೆಸುವ ತಾಂಡೇಲರಾದವರೂ ಇದ್ದಾರೆ. ಒಡಿಶಾದಿಂದ, ಆಂಧ್ರದಿಂದ, ಜಾರ್ಖಂಡಿನಿಂದ ಬಂದ ಹುಡುಗರ ಹೊಟ್ಟೆಪಾಡು ಅಲ್ಲೇ. ಬೋಟು ಮಾಡಲು ಮನೆ ಅಡವಿಟ್ಟವರಿದ್ದಾರೆ. ಎಷ್ಟೋ ಬೋಟಿನವರು ದೀಪ ಮುಟ್ಟದೆ, ನಿಯಮದ ಪ್ರಕಾರವೇ ಆಳಸಮುದ್ರಕ್ಕೆ ಹೋಗಿ ಹತ್ತು ದಿನ ಇದ್ದು ಬರುತ್ತಾರೆ. ಅವರಿಗೂ ಇದರಿಂದ ನಷ್ಟವೇ. ಒಬ್ಬ ಬೋಟಿನ ಮಾಲೀಕರು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದರು: "ನನಗೂ ದೀಪ ಹಾಕುವುದು ಇಷ್ಟ ಇಲ್ಲ ಮಗಾ. ಆದರೆ ಪಕ್ಕದವನು ಹಾಕಿದರೆ ನಾನು ಕತ್ತಲೆಯಲ್ಲಿ ಕೂತು ಏನು ಮಾಡಲಿ? ಎಲ್ಲರದ್ದೂ ಒಂದೇ ದಿನ ತೆಗೆಸಲಿ, ನಾನೇ ಮೊದಲು ಬಿಚ್ಚುತ್ತೇನೆ." ಈ ಮಾತಿನಲ್ಲಿ ಸತ್ಯ ಇದೆ. ಒಬ್ಬಿಬ್ಬರನ್ನು ಹಿಡಿದು ಫೋಟೊ ತೆಗೆಸಿಕೊಂಡರೆ ಪ್ರಯೋಜನ ಇಲ್ಲ. ಎಲ್ಲರಿಗೂ ಒಂದೇ ದಿನ, ಒಂದೇ ನಿಯಮ.

ನನ್ನ ಅಕ್ಕನ ಮಗ ಐರ್ಲೆಂಡಿನ ಗಾಲ್ವೇ ಊರಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಕಾರಿಬ್ ಅಂತ ಒಂದು ಹೊಳೆ ಊರ ನಡುವೆಯೇ ಹರಿದು ಕಡಲಿಗೆ ಸೇರುತ್ತದೆ. ಬೇಸಿಗೆಯಲ್ಲಿ ಸಾಲ್ಮನ್ ಮೀನು ಕಡಲಿನಿಂದ ಹೊಳೆಗೆ ಏರಿ ಬರುವುದನ್ನು ನೋಡಲು ಜನ ಸೇತುವೆ ಮೇಲೆ ಸಾಲಾಗಿ ನಿಲ್ಲುತ್ತಾರಂತೆ. ಅವನು ವಿಡಿಯೊ ಕಳಿಸಿದಾಗ, ಅಷ್ಟು ಹತ್ತಿರ ಇದ್ದರೂ ಯಾಕೆ ಯಾರೂ ಬಲೆ ಬಿಡುವುದಿಲ್ಲ ಅಂತ ಅಣ್ಣ ಕೇಳಿದ. ಆಮೇಲೆ ನಾನು ಅದರ ಬಗ್ಗೆ ಹುಡುಕಿ ಓದಿದೆ. ಅಲ್ಲೂ ಮೊದಲು ಸಮುದ್ರದಲ್ಲೇ ಉದ್ದುದ್ದ ತೇಲುಬಲೆ ಬಿಟ್ಟು ಸಾಲ್ಮನ್ ಹಿಡಿಯುತ್ತಿದ್ದರು. ಸಿಕ್ಕಿದ ಮೀನು ಯಾವ ಹೊಳೆಯದ್ದು ಅಂತ ಗೊತ್ತಾಗುತ್ತಿರಲಿಲ್ಲ. ಮೀನು ತುಂಬಿರುವ ಹೊಳೆಯದ್ದೂ ಹೋಗುತ್ತಿತ್ತು, ಮೀನು ಮುಗಿಯುತ್ತಾ ಬಂದ ಹೊಳೆಯದ್ದೂ ಹೋಗುತ್ತಿತ್ತು. 2007ರಿಂದ ಆ ತೇಲುಬಲೆಗಳನ್ನು ನಿಲ್ಲಿಸಿದರು. ಸುಮ್ನೆ ನಿಲ್ಲಿಸಲಿಲ್ಲ. ಲೈಸೆನ್ಸ್ ಬಿಟ್ಟುಕೊಟ್ಟವರಿಗೆ ಸರ್ಕಾರ ದುಡ್ಡು ಕೊಟ್ಟಿತು. ಈಗ ಪ್ರತಿ ಹೊಳೆಯ ಲೆಕ್ಕ ಬೇರೆ ಬೇರೆ. ಸಂತತಿಗೆ ಬೇಕಾದಷ್ಟು ಮೀನು ಇದ್ದು ಮಿಕ್ಕಿದರೆ ಮಾತ್ರ ಆ ಹೊಳೆಯಲ್ಲಿ ಹಿಡಿದು ಇಟ್ಟುಕೊಳ್ಳಲು ಅನುಮತಿ. ಬಲೆಯ ಲೈಸೆನ್ಸ್‌ಗೂ ಮಿತಿ ಇದೆ. ಹಿಡಿದು ಇಟ್ಟುಕೊಂಡ ಒಂದೊಂದು ಮೀನಿಗೂ ನಂಬರ್ ಇರುವ ಪಟ್ಟಿ (ಟ್ಯಾಗ್) ಹಾಕಬೇಕು. ಪುಸ್ತಕದಲ್ಲಿ ಬರೆಯಬೇಕು. ಪಟ್ಟಿ ಇಲ್ಲದ ಕಾಡು ಸಾಲ್ಮನ್ ಮಾರಿದರೆ ಅದು ಕಳ್ಳ ಮೀನು.

ಅಲ್ಲಿಯೂ ಕಳ್ಳಬಲೆ ಪೂರ್ತಿ ನಿಂತಿಲ್ಲ. ತಲೆಮಾರುಗಳಿಂದ ಬಲೆ ಬಿಡುತ್ತಿದ್ದ ಸಣ್ಣವರಿಗೆ ನೋವೂ ಆಗಿದೆ. ಆ ದೇಶದ್ದನ್ನು ತಂದು ಇಲ್ಲಿ ಹಾಕಿ ಅಂತ ನಾನು ಹೇಳುತ್ತಿಲ್ಲ. ನಾವು ಬೂತಾಯಿಗೆ ಒಂದೊಂದಕ್ಕೂ ಪಟ್ಟಿ ಕಟ್ಟಲು ಆಗುತ್ತದಾ? ನನಗೆ ಮನಸ್ಸಿಗೆ ತಾಗಿದ್ದು ಬೇರೆ. ಎಷ್ಟು ಮೀನು ಇದೆ ಅಂತ ಮೊದಲು ನೋಡಿ, ಆಮೇಲೆ ಎಷ್ಟು ಲೈಸೆನ್ಸ್ ಅಂತ ತೀರ್ಮಾನ ಮಾಡುತ್ತಾರೆ. ಬಿಟ್ಟುಕೊಡು ಅಂದವರ ಕೈಗೆ ಏನಾದರೂ ಇಟ್ಟು ಕಳಿಸುತ್ತಾರೆ. ಎಷ್ಟು ಲೈಸೆನ್ಸ್ ಕೊಟ್ಟಿದ್ದಾರೆ ಅನ್ನುವುದು ಗುಟ್ಟಲ್ಲ.

ನಮ್ಮಲ್ಲಿ ಮಾಡಬಹುದಾದದ್ದನ್ನು ಹೇಳುತ್ತೇನೆ. ನಾನು ಓದಿದವಳು ಬಹಳ ಏನಲ್ಲ. ಆದರೆ ಇದು ನಮ್ಮ ಸಂಘದ ಜಗಲಿಯಲ್ಲಿ ಎಷ್ಟೋ ಸಂಜೆ ಕೂತು ಮಾತಾಡಿದ್ದು.

ಮೊದಲನೆಯದು, ಕಡಲಿನಲ್ಲಿ ಹುಡುಕುವುದನ್ನು ಬಿಟ್ಟು ದಕ್ಕೆಯಲ್ಲಿ ನೋಡಿ. ಲೈಟ್ ಹಾಕುವವರನ್ನು ಹಿಡಿಯಲು ದೋಣಿ ಇಲ್ಲ, ಸಿಬ್ಬಂದಿ ಇಲ್ಲ, ರಾತ್ರಿ ಅಷ್ಟು ದೂರ ಹೋಗಲು ಆಗುವುದಿಲ್ಲ ಅಂತ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಒಪ್ಪುತ್ತೇನೆ. 12 ನಾಟಿಕಲ್ ಮೈಲಿ ತನಕ ರಾಜ್ಯದ್ದು, ಅದರಾಚೆ ಕೇಂದ್ರದ್ದು ಅನ್ನುವ ಗೊಂದಲವೂ ಇದೆ. ಆದರೆ ಆ ಜನರೇಟರ್ ಆಕಾಶದಿಂದ ಇಳಿಯುವುದಿಲ್ಲ ಸರ್. ಅದು ಬೋಟಿನ ಮೇಲೆಯೇ ಇರುತ್ತದೆ. ದೀಪದ ಕಂಬ, ವೈರು, ಹೋಲ್ಡರ್ ಎಲ್ಲಾ ಹಾಡುಹಗಲೇ ಕಾಣುತ್ತದೆ. ಬೋಟು ದಕ್ಕೆಗೆ ಬರಲೇಬೇಕು, ಡೀಸೆಲ್ ತುಂಬಿಸಲೇಬೇಕು, ಐಸ್ ಹಾಕಲೇಬೇಕು. ದಕ್ಕೆ ರಾಜ್ಯದ್ದೇ. ಅಲ್ಲಿ ಕೇಂದ್ರ ರಾಜ್ಯ ಅನ್ನುವ ತಕರಾರು ಇಲ್ಲ. ದೀಪದ ಸಾಮಾನು ಇರುವ ಬೋಟಿಗೆ ಡೀಸೆಲ್ ರಿಯಾಯಿತಿ ಇಲ್ಲ ಅಂತ ಒಂದು ಆದೇಶ ಮಾಡಿ, ಅದನ್ನು ಬಂಕ್‌ನಲ್ಲಿ ಬರೆದು ಹಾಕಿ. ಅರ್ಧ ದೀಪ ಅಲ್ಲೇ ಆರುತ್ತದೆ. ಬೋಟುಗಳಿಗೆ ಜೀವರಕ್ಷಣೆಗೆ ಅಂತ ಈಗ ಬೋಟು ಎಲ್ಲಿದೆ ಅಂತ ತಿಳಿಸುವ ಟ್ರಾನ್ಸ್‌ಪಾಂಡರ್ ಹಾಕುತ್ತಿದ್ದಾರೆ. ಯಾವ ಬೋಟು 6 ಕಿಲೋಮೀಟರ್ ಒಳಗೆ ಬಂತು ಅಂತ ತಿಳಿಯಲು ಅದರಿಂದಲೂ ಸಹಾಯ ಆಗಬಹುದು.

ಸಿಕ್ಕಿಬಿದ್ದವರಿಗೆ ಮೊದಲ ಸಲ ದಂಡ ಇರಲಿ. ಎರಡನೇ ಸಲ ಆ ಋತು ಪೂರ್ತಿ ಲೈಸೆನ್ಸ್ ಅಮಾನತು. ಮೂರನೇ ಸಲ ರದ್ದು. ರದ್ದಾದ ಲೈಸೆನ್ಸ್ ಅದೇ ಮನೆಯ ಇನ್ನೊಬ್ಬರ ಹೆಸರಿನಲ್ಲಿ ಹಿಂದಿನ ಬಾಗಿಲಿನಿಂದ ಬರಬಾರದು. ಸಾಲ ಮಾಡಿ ಜನರೇಟರ್ ತಂದವರಿಗೆ ಒಂದು ಋತುವಿನ ಸಮಯ ಕೊಡಿ. ತಾವಾಗಿ ತೆಗೆದುಕೊಟ್ಟರೆ ಸ್ವಲ್ಪ ದುಡ್ಡೂ ಕೊಡಿ. ಇದು ಕೇಳಿ ನಮ್ಮವರಲ್ಲೇ ಕೆಲವರಿಗೆ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಯಾಕೆ ದುಡ್ಡು ಅಂದರು. ಆದರೆ ದೀಪ ಆರುವುದು ನನಗೆ ಮುಖ್ಯ. ಸೇಡು ಮುಖ್ಯ ಅಲ್ಲ.

ಲೈಸೆನ್ಸ್ ಹಂಚುವುದರ ಬಗ್ಗೆ ನನ್ನ ಬೇಡಿಕೆ ಬಹಳ ಸರಳ. ಪ್ರತಿ ದಕ್ಕೆಯಲ್ಲಿ, ಪ್ರತಿ ಕರಾವಳಿ ಪಂಚಾಯಿತಿಯಲ್ಲಿ ಒಂದು ಬೋರ್ಡ್ ಹಾಕಿ. ಬೋಟಿನ ನಂಬರ್, ಉದ್ದ, ಅಶ್ವಶಕ್ತಿ, ಯಾವ ಬಲೆ, ಯಾರ ಹೆಸರು, ಎಷ್ಟು ಡೀಸೆಲ್ ರಿಯಾಯಿತಿ, ಎಷ್ಟು ಕೇಸು, ಎಲ್ಲಾ ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ. ಪಡಿತರ ಅಂಗಡಿಯಲ್ಲಿ ಅಕ್ಕಿಯ ಲೆಕ್ಕ ಬೋರ್ಡಿನಲ್ಲಿ ಬರೆಯುತ್ತಾರೆ. ಕಡಲಿನ ಲೆಕ್ಕ ಬರೆಯಲು ಏನು ಕಷ್ಟ? ಅರ್ಜಿ ಹಾಕಿದವರ ಸರದಿ ಪಟ್ಟಿಯೂ ಅದೇ ಬೋರ್ಡಿನಲ್ಲಿ ಇರಲಿ. ಅಣ್ಣ ಎಷ್ಟನೆಯವನು ಅಂತ ಗೊತ್ತಿದ್ದರೆ ಏಳು ಸಲ ಹೋಗುತ್ತಿರಲಿಲ್ಲ. ಕೆಲಸ ಬಿಟ್ಟು ಹೋದ ಆ ಏಳು ದಿನ ಮನೆಯಲ್ಲಿ ಮೀನಿನ ದುಡ್ಡು ಬರಲಿಲ್ಲ.

ಒಂದು ಲೈಸೆನ್ಸ್ ಖಾಲಿ ಆದರೆ ಮೊದಲ ಹಕ್ಕು ನಾಡದೋಣಿಯವರಿಗೆ, ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್‌ನೆಟ್ ಬಲೆಯ ಸಣ್ಣವರಿಗೆ ಇರಲಿ. ಒಬ್ಬನ ಹತ್ತಿರ ನಾಲ್ಕೈದು ಬೋಟು ಇರುವಾಗ, ಒಂದೂ ಇಲ್ಲದವನು ಹೊರಗೆ ಕಾಯಬಾರದು. ದೋಣಿಗೆ ಹೋಗದವರು ಹೆಸರಿಗೆ ಮಾತ್ರ ಲೈಸೆನ್ಸ್ ಇಟ್ಟುಕೊಂಡು ಬೇರೆಯವರಿಗೆ ಮಾರುವುದು ನಿಲ್ಲಲಿ. ಗಂಡ ಕಡಲಿನಲ್ಲಿ ತೀರಿಕೊಂಡರೆ ಹೆಂಡತಿಯ ಹೆಸರಿಗೆ ತಕರಾರಿಲ್ಲದೆ ಬರಲಿ. ನಮ್ಮ ಸಂಘದಲ್ಲೇ ಹೀಗೆ ಕಾಯುತ್ತಿರುವ ಇಬ್ಬರು ಹೆಂಗಸರಿದ್ದಾರೆ. ಅವರ ಮನೆಯ ಗಂಡುಮಕ್ಕಳು ದೊಡ್ಡವರಾಗುವ ತನಕ ದೋಣಿ ಮರಳಿನ ಮೇಲೆ ಮಗುಚಿ ಬಿದ್ದಿರಬೇಕಾ?

ಕೇಂದ್ರದ ಹೊಸ ನಿಯಮದಲ್ಲಿ 12 ನಾಟಿಕಲ್ ಮೈಲಿ ಆಚೆ ಹೋಗುವ ಯಾಂತ್ರೀಕೃತ ಬೋಟಿಗೆ ಆಕ್ಸೆಸ್ ಪಾಸ್, ಅಂದರೆ ಕೇಂದ್ರದ ಅನುಮತಿ ಬೇಕು. ನಾಡದೋಣಿಗೆ ಬೇಡ. ಸಹಕಾರಿ ಸಂಘಗಳಿಗೆ ಆದ್ಯತೆ ಅಂತ ಹೇಳಿದ್ದಾರೆ. ಒಳ್ಳೆಯ ಮಾತು. ಆ ಪಾಸ್ ಕೊಡುವ ಮೊದಲು ಆ ಬೋಟಿನ ಹಳೇ ಕೇಸುಗಳನ್ನು ನೋಡುವ ಹಾಗೆ ನಮ್ಮ ರಾಜ್ಯದಿಂದ ಪತ್ರ ಬರೆಯಿರಿ. ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಫಿಶ್‌ಮೀಲ್ ಕಾರ್ಖಾನೆಯ ಗೇಟಿನಲ್ಲಿ ಮೀನಿನ ಅಳತೆ ನೋಡುವ ಏರ್ಪಾಡು ಬೇಕು. ಇದು ಕಷ್ಟದ ಕೆಲಸ ಅಂತ ಗೊತ್ತು. ಆದರೂ ಬೇಕು.

ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಬೋಟುಗಳು ನಿಲ್ಲುತ್ತವೆ. ಆಗ 10 ಅಶ್ವಶಕ್ತಿಯೊಳಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಕೇಳಲು ಎರಡು ತಿಂಗಳು. ಆದರೆ ಗಾಳಿ, ತೆರೆ ಕಳೆದು ನಮಗೆ ಕಡಲಿಗೆ ಇಳಿಯಲು ಸಿಗುವುದು ಕೆಲವೇ ದಿನ. ತೂಫಾನ್ ಎದ್ದು ಇಳಿದ ಮೇಲೆ ಕೆಂಪು ನೀರಿನಲ್ಲಿ ಸಿಗಡಿ ಬರುತ್ತದೆ. ಅದಕ್ಕೆ ಕಾಯುತ್ತೇವೆ. ಆ ಕೆಲವು ದಿನದ ದುಡಿಮೆಯಲ್ಲೇ ಮಕ್ಕಳ ಶಾಲೆಯ ಫೀಸು, ಬಲೆಯ ಸಾಲ ಎಲ್ಲಾ. ಆಗಸ್ಟ್ ಬಂದರೆ ಮತ್ತೆ ರಾತ್ರಿ ಪಶ್ಚಿಮದಲ್ಲಿ ಬೆಳಕು. ಅಪ್ಪ ಈಗ ಕಡಲಿಗೆ ಹೋಗುವುದಿಲ್ಲ. ಸಂಜೆ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಆ ಕಡೆ ನೋಡುತ್ತಾರೆ. ಮೊದಲು ನೀರಿನ ಬಣ್ಣ, ಹಕ್ಕಿ, ಗಾಳಿ ನೋಡಿ ಎಷ್ಟು ಮಾರು ನೀರಿನಲ್ಲಿ ಮೀನಿದೆ ಅಂತ ಹೇಳುತ್ತಿದ್ದರು. ಈಗ ದೀಪ ಎಣಿಸುತ್ತಾರೆ. ಹೋದ ಅಮಾವಾಸ್ಯೆಗೆ ಹದಿನಾಲ್ಕು ಎಣಿಸಿದರು. ಬೆಳಗ್ಗೆ ಅಣ್ಣ ಬರಿಗೈಯಲ್ಲಿ ಬಂದ. ಎಣ್ಣೆಯ ದುಡ್ಡೂ ಹುಟ್ಟಲಿಲ್ಲ.

ಆ 61 ದಿನ ಬೋಟುಗಳೆಲ್ಲ ದಕ್ಕೆಯಲ್ಲೇ, ಹೊಳೆಯ ಬದಿಯಲ್ಲೇ ಕಟ್ಟಿಹಾಕಿರುತ್ತವೆ. ಯಾವುದೂ ಎಲ್ಲಿಗೂ ಓಡಿಹೋಗುವುದಿಲ್ಲ. ಬಲೆ ರಿಪೇರಿ, ಬಣ್ಣ ಬಳಿಯುವುದು, ಇಂಜಿನ್ ಬಿಚ್ಚುವುದು ಎಲ್ಲಾ ಆಗಲೇ ನಡೆಯುತ್ತದೆ. ಒಂದೊಂದು ಬೋಟನ್ನೂ ಹತ್ತಿ ನೋಡಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಈ ಬಾರಿ ಆಗಸ್ಟ್ 1ಕ್ಕೆ ಮೊದಲು ಒಂದು ತಂಡ ಕಳಿಸಿ. ಇಲಾಖೆಯವರು, ಕರಾವಳಿ ಕಾವಲು ಪೊಲೀಸರು ಇರಲಿ. ಜೊತೆಗೆ ನಾಡದೋಣಿಯವರು ಇಬ್ಬರು, ದೀಪ ಹಾಕದ ಬೋಟಿನವರು ಇಬ್ಬರು ಇರಲಿ. ದಿನ ಯಾವುದು ಅಂತ ತಿಳಿಸಿದರೆ ಸಾಕು. ಅಣ್ಣ ಬರುತ್ತಾನೆ. ನಾನೂ ಲೆಕ್ಕದ ಪುಸ್ತಕ ಹಿಡಿದುಕೊಂಡು ಬರುತ್ತೇನೆ. ದೀಪದ ಕಂಬ ಎಲ್ಲಿ ಕಟ್ಟುತ್ತಾರೆ, ಜನರೇಟರ್ ಎಲ್ಲಿ ಇಳಿಸಿ ಇಡುತ್ತಾರೆ ಅಂತ ತೋರಿಸಿಕೊಡುತ್ತೇವೆ.

ಇತಿ,
ಮರವಂತೆ ಕಡೆಯ ನಾಡದೋಣಿ ಮೀನುಗಾರರೊಬ್ಬರ ಮಗಳು